ಮಾಗ್ದಿವಾಂಗ್, ಮಾಗ್ದಾಲೊ: ಒಂದು ಒಡಕಿನ ಕಥೆ ಬರೆದ ಅನುಭವ

ಸ್ಪೇನಿನ ಆಳ್ವಿಕೆಯ ವಿರುದ್ಧ ಹುಟ್ಟಿದ ಫಿಲಿಪೀನ್ಸಿನ ಕ್ರಾಂತಿಕಾರಿ ಸಂಘಟನೆ ಕತಿಪುನಾನ್‌ನೊಳಗಿನ ಒಡಕಿನ ಬಗ್ಗೆ ಕನ್ನಡದಲ್ಲಿ ದೀರ್ಘ ಲೇಖನವೊಂದನ್ನು ಬರೆಯಲು ಕುಳಿತಾಗ ಅದು ಎರಡು ವಾರದ ಕೆಲಸವೆಂದು ಭಾವಿಸಿದ್ದೆ. ಸ್ಪೇನಿನ ವಿರುದ್ಧ ದಂಗೆಯೆದ್ದವರಲ್ಲಿ ಸಂಘಟನೆಯ ಮುಖ್ಯಸ್ಥ ಆಂದ್ರೆಸ್ ಬೊನಿಫಾಸಿಯೊ ಅವರ ಬೆನ್ನಿಗೆ ನಿಂತ ಮಾಗ್ದಿವಾಂಗ್ ಒಂದು ಕಡೆ, ಎಮಿಲಿಯೊ ಅಗಿನಾಲ್ಡೊ ಅವರ ಮಾಗ್ದಾಲೊ ಇನ್ನೊಂದು ಕಡೆ. ಇವರ ಜಗಳದಲ್ಲಿ 1897ರ ಮೇ 10ರಂದು ಬೊನಿಫಾಸಿಯೊ ತಮ್ಮವರ ಗುಂಡಿಗೇ ಬಲಿಯಾದರು. ಇಷ್ಟು ತಿಳಿದಿದ್ದರಿಂದ ಮೊದಲ ಕರಡು ಸರಾಗವಾಗಿ ಬಂತು. ಅಷ್ಟು ಸರಾಗವಾಗಿ ಬಂದದ್ದೇ ನನಗೆ ಅನುಮಾನ ಹುಟ್ಟಿಸಿತು.

ಮೊದಲ ತೊಡಕು 'ಬಣ' ಎಂಬ ಪದದ್ದು. ಆ ಪದ ಕೇಳಿದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಭಿನ್ನಮತೀಯರು, ರೆಸಾರ್ಟು ಮತ್ತು ಹೈಕಮಾಂಡ್. ಮಾಗ್ದಿವಾಂಗ್ ಮತ್ತು ಮಾಗ್ದಾಲೊ ಹಾಗೆ ಒಡೆದು ಹುಟ್ಟಿದವಲ್ಲ. 1892ರ ಜುಲೈ 7ರಂದು ಮನಿಲಾದಲ್ಲಿ ಗುಟ್ಟಾಗಿ ಆರಂಭವಾದ ಕತಿಪುನಾನ್ ಊರೂರಿಗೆ ಹಬ್ಬುತ್ತಾ ಹೋದಾಗ ಕವೀತೆ ಪ್ರಾಂತದಲ್ಲಿ ರೂಪುಗೊಂಡ ಎರಡು ಶಾಖಾ ಮಂಡಳಿಗಳು ಅವು. ನೊವೆಲೇತಾ ಊರಿನ ಮಾಗ್ದಿವಾಂಗ್ ಮಂಡಳಿಗೆ ಮಾರಿಯಾನೊ ಆಲ್ವಾರೆಸ್ ಮುಖ್ಯಸ್ಥರು, ಕಾವಿತ್ ಊರಿನ ಮಾಗ್ದಾಲೊ ಮಂಡಳಿಗೆ ಬಾಲ್ದೊಮೇರೊ ಅಗಿನಾಲ್ಡೊ. ಹೆಸರುಗಳಲ್ಲಿ ಸಿದ್ಧಾಂತ ಹುಡುಕಲು ಹೋಗಿ ನಾನು ಒಂದು ಸಂಜೆಯನ್ನೇ ಕಳೆದೆ. ಮಾಗ್ದಿವಾಂಗ್ ಎಂದರೆ ಸಂಭ್ರಮದಿಂದ ಆಚರಿಸುವುದು. ಮಾಗ್ದಾಲೊ ಬಂದದ್ದು ಕಾವಿತ್ ಊರಿನವರು ಆರಾಧಿಸುವ ಸಂತ ಮಗ್ದಲೇನಾಳ ಹೆಸರಿನಿಂದ. 1896ರ ನವೆಂಬರ್ 9ರಿಂದ 11ರವರೆಗೆ ಮಾಗ್ದಾಲೊದವರು ಬಿನಕಾಯಾನ್‌ನಲ್ಲಿಯೂ ಮಾಗ್ದಿವಾಂಗ್‌ನವರು ದಲಾಹಿಕಾನ್‌ನಲ್ಲಿಯೂ ಏಕಕಾಲಕ್ಕೆ ಹೋರಾಡಿ ಸ್ಪೇನಿನ ಸೇನೆಯನ್ನು ಹಿಮ್ಮೆಟ್ಟಿಸಿದರು. ಹೀಗಾಗಿ ಅಲ್ಲಿಯವರೆಗೆ 'ಮಂಡಳಿ' ಎಂದೇ ಬರೆದೆ. ಆ ವರ್ಷದ ಕೊನೆಗೆ ಇಮೂಸ್‌ನಲ್ಲಿ ಸೇರಿದ ಸಭೆಯಲ್ಲಿ, ಕತಿಪುನಾನ್‌ನ ಪರಮೋಚ್ಚ ಮಂಡಳಿಯೇ ಸಾಕೇ ಅಥವಾ ಅದರ ಬದಲು ಹೊಸ ಸರ್ಕಾರ ಬೇಕೇ ಎಂಬ ವಾದ ಎದ್ದ ನಂತರವಷ್ಟೇ 'ಬಣ' ಎಂಬ ಪದವನ್ನು ಒಳಗೆ ಬಿಟ್ಟೆ.

ಎರಡನೆಯದು ನೆಂಟಸ್ತನ. ಇಂಗ್ಲಿಷಿನ ಒಂದೇ ಪದ ಕನ್ನಡದಲ್ಲಿ ನಾಲ್ಕಾರು ಸಂಬಂಧಗಳಾಗಿ ಬಿಚ್ಚಿಕೊಳ್ಳುತ್ತದೆಯಾದ್ದರಿಂದ ಯಾರಿಗೆ ಯಾರು ಏನಾಗಬೇಕೆಂದು ಖಚಿತಪಡಿಸಿಕೊಳ್ಳದೆ ಒಂದು ವಾಕ್ಯವೂ ಮುಂದೆ ಸಾಗುವುದಿಲ್ಲ. ಬಾಲ್ದೊಮೇರೊ ಮತ್ತು ಎಮಿಲಿಯೊ ಒಂದೇ ಮನೆತನದ ದಾಯಾದಿಗಳು; ನಮ್ಮಲ್ಲಿ ದಾಯಾದಿ ಎಂದರೆ ಮತ್ಸರವೇ ಮೊದಲು ನೆನಪಾಗುವುದರಿಂದ, ಈ ದಾಯಾದಿಗಳು ಕಡೆಯವರೆಗೂ ಒಂದಾಗಿಯೇ ಇದ್ದರೆಂದು ಪ್ರತ್ಯೇಕವಾಗಿ ಸೇರಿಸಬೇಕಾಯಿತು. ಬೊನಿಫಾಸಿಯೊ ಅವರ ಪತ್ನಿ ಗ್ರೆಗೋರಿಯಾ ದೆ ಹೆಸೂಸ್ ಅವರಿಗೆ ಮಾರಿಯಾನೊ ಆಲ್ವಾರೆಸ್ ತಾಯಿಯ ಕಡೆಯ ಹಿರಿಯ ಬಂಧು. ಕವೀತೆಗೆ ಬಂದ ಬೊನಿಫಾಸಿಯೊ ಯಾವ ಮನೆಯ ಅತಿಥಿಯಾದರೆಂಬುದು ಇಷ್ಟರಿಂದಲೇ ಅರ್ಥವಾಗುತ್ತದೆ. ಅವರು ತಮ್ಮನ್ನು ಎರಡೂ ಮಂಡಳಿಗಳಿಗೆ ಮೇಲಿನವರೆಂದು ತಿಳಿದಿದ್ದರು, ಮಾಗ್ದಾಲೊದವರ ಕಣ್ಣಿಗೆ ಅವರು ಎದುರು ಮನೆಯ ನೆಂಟರಾಗಿ ಕಂಡರು. (ಆ 'ಕವೀತೆ'ಯನ್ನು ಪುಟ ಕಟ್ಟುವವರು ಎಲ್ಲ ಕಡೆಯೂ 'ಕವಿತೆ' ಎಂದು ತಿದ್ದಿಬಿಟ್ಟಿದ್ದರು. 'ಕವಿತೆಯನ್ನು ಸ್ಪೇನಿನ ಸೈನ್ಯ ಮುತ್ತಿತು' ಎಂಬ ಸಾಲು ಅಚ್ಚಿಗೆ ಹೋಗುವ ಹಿಂದಿನ ದಿನ ಕಣ್ಣಿಗೆ ಬಿತ್ತು.)

ಕೆಲಸ ನಿಜವಾಗಿ ನಿಂತದ್ದು ತೆಹೆರೋಸ್ ಸಭೆಯ ಬಳಿ. ಡ್ರಾಯಿಂಗ್ ಹಾಳೆಯೊಂದನ್ನು ಮೇಜಿನ ಮೇಲೆ ಹಾಸಿ, ಮಾಗ್ದಿವಾಂಗ್‌ನವರ ಹೆಸರುಗಳನ್ನು ಕೆಂಪು ಪೆನ್ಸಿಲ್ಲಿನಲ್ಲಿಯೂ ಮಾಗ್ದಾಲೊದವರ ಹೆಸರುಗಳನ್ನು ನೀಲಿಯಲ್ಲಿಯೂ ಬರೆಯುತ್ತಾ ಹೋದೆ. 1897ರ ಮಾರ್ಚ್ 22ರಂದು ಪಾದ್ರಿಗಳ ಎಸ್ಟೇಟಿನ ಬಂಗಲೆಯಲ್ಲಿ, ಅಂದರೆ ಮಾಗ್ದಿವಾಂಗ್ ನೆಲದಲ್ಲಿಯೇ, ಹೊಸ ಸರ್ಕಾರಕ್ಕೆ ಚುನಾವಣೆ ನಡೆಯಿತು. ಎಮಿಲಿಯೊ ಅಗಿನಾಲ್ಡೊ ಸಭೆಯಲ್ಲಿರಲಿಲ್ಲ. ಪಾಸೊಂಗ್ ಸಾಂತೋಲ್‌ನಲ್ಲಿ ಸ್ಪೇನಿನ ಸೇನೆಯನ್ನು ಎದುರಿಸುತ್ತಿದ್ದರು. ಆದರೂ ಅಧ್ಯಕ್ಷ ಸ್ಥಾನ ಅವರಿಗೇ ಹೋಯಿತು: ನೀಲಿ. ಉಪಾಧ್ಯಕ್ಷ ಮಾರಿಯಾನೊ ತ್ರಿಯಾಸ್, ಸೇನೆಯ ಮಹಾದಂಡನಾಯಕ ಆರ್ತೇಮಿಯೊ ರಿಕಾರ್ತೆ, ಯುದ್ಧ ಖಾತೆಗೆ ಎಮಿಲಿಯಾನೊ ರಿಯೇಗೊ ದೆ ದಿಯೋಸ್: ಮೂವರೂ ಕೆಂಪು. ಒಳಾಡಳಿತ ಖಾತೆಗೆ ಬೊನಿಫಾಸಿಯೊ. ಮಾಗ್ದಾಲೊದ ಷಡ್ಯಂತ್ರವೆಂದು ನಾನು ಮೊದಲ ಕರಡಿನಲ್ಲಿ ಬರೆದ ಚುನಾವಣೆಯ ಫಲಿತಾಂಶ ಹಾಳೆಯ ಮೇಲೆ ಬಹುಪಾಲು ಕೆಂಪಾಗಿತ್ತು. ಆ ಪುಟಗಳನ್ನು ಅಲ್ಲಿಯೇ ಹರಿದೆ.

ಮತಚೀಟಿಗಳನ್ನು ಮೊದಲೇ ತುಂಬಿಸಿ ಹಂಚಲಾಗಿತ್ತೆಂಬ ಆರೋಪವನ್ನು ಬರೆದಿಟ್ಟವರು ಮಾರಿಯಾನೊ ಅವರ ಮಗ ಸಾಂತಿಯಾಗೊ ಆಲ್ವಾರೆಸ್. ರಿಕಾರ್ತೆ ಮತ್ತು ಅಗಿನಾಲ್ಡೊ ಕೂಡ ತಮ್ಮ ನೆನಪುಗಳನ್ನು ಬರೆದಿದ್ದಾರೆ. ಇಂತಹ ಬರಹಗಳಿಗೆ ನಾನು ಒಂದು ನಿಯಮ ಮಾಡಿಕೊಂಡೆ: ತನ್ನ ಕಡೆಗೇ ಹಾನಿಯಾಗುವ ಸಂಗತಿಯನ್ನು ಬರೆದರೆ ಅದನ್ನು ನೇರವಾಗಿ ಹೇಳುವುದು, ಎದುರಾಳಿಯನ್ನು ದೂರುವ ಸಂಗತಿಯಾದರೆ 'ಎಂದು ಇಂಥವರು ಬರೆದಿದ್ದಾರೆ' ಎಂದು ಸೇರಿಸುವುದು. ಮತಚೀಟಿಯ ಆರೋಪ ಎರಡನೆಯ ಬಗೆಯಲ್ಲಿ ಉಳಿಯಿತು.

ಮಾಗ್ದಾಲೊದ ದಾನಿಯೇಲ್ ತಿರೋನಾ ಎದ್ದು, ಒಳಾಡಳಿತ ಖಾತೆಗೆ ವಕೀಲಿ ಓದಿದವರೇ ಬೇಕೆಂದು ಹೊಸೆ ದೆಲ್ ರೊಸಾರಿಯೊ ಅವರ ಹೆಸರು ಹೇಳಿದ ಪ್ರಸಂಗಕ್ಕೆ ಒಂದಿಡೀ ಪುಟ ಕೊಟ್ಟೆ. ಫಲಿತಾಂಶ ಏನೇ ಬರಲಿ ಎಲ್ಲರೂ ಒಪ್ಪಬೇಕೆಂಬ ಮಾತು ಮತದಾನಕ್ಕೆ ಮೊದಲೇ ಆಗಿತ್ತು. ಆಗ ಅಧ್ಯಕ್ಷಪೀಠದಲ್ಲಿದ್ದ ಬೊನಿಫಾಸಿಯೊ ಪಿಸ್ತೂಲಿಗೆ ಕೈ ಹಾಕಿದರು, ರಿಕಾರ್ತೆ ತಡೆದರು, ತಿರೋನಾ ಜನರ ನಡುವೆ ನುಸುಳಿ ಹೋದರು. ಕತಿಪುನಾನ್‌ನ ಪರಮೋಚ್ಚ ಮಂಡಳಿಯ ಮುಖ್ಯಸ್ಥರಾಗಿ ಬೊನಿಫಾಸಿಯೊ ಸಭೆಯ ತೀರ್ಮಾನಗಳನ್ನೆಲ್ಲ ರದ್ದುಪಡಿಸಿ ಹೊರನಡೆದರು. ಸ್ವಂತ ಓದಿನಿಂದಲೇ ಬೆಳೆದ, ಗೋದಾಮಿನ ನೌಕರನಾಗಿದ್ದ ಮನುಷ್ಯನಿಗೆ ತುಂಬಿದ ಸಭೆಯಲ್ಲಿ ಪದವಿಯ ಮಾತು ಎತ್ತಿದರೆ ಹೇಗಾಗಿರಬಹುದೆಂಬುದನ್ನು ನಮ್ಮ ಓದುಗರಿಗೆ ವಿವರಿಸುವ ಅಗತ್ಯ ಬೀಳಲಿಲ್ಲ.

ಅಂದಿನಿಂದ ಹಾಳೆಯ ಮೇಲಿನ ಬಣ್ಣಗಳು ಕಲಸಿಹೋದವು. ರಿಕಾರ್ತೆ ಮರುದಿನ ತಾನ್ಸಾದಲ್ಲಿ ಹೊಸ ಸರ್ಕಾರದ ಪ್ರಮಾಣವಚನವನ್ನೂ ಸ್ವೀಕರಿಸಿದರು, ಮುಂದೆ ನಾಯಿಕ್‌ನಲ್ಲಿ ಬೊನಿಫಾಸಿಯೊ ಜೊತೆ ಆ ಸರ್ಕಾರಕ್ಕೆ ಎದುರಾದ ಒಪ್ಪಂದಕ್ಕೆ ಸಹಿಯನ್ನೂ ಹಾಕಿದರು. ಆ ಒಪ್ಪಂದದ ಪ್ರಕಾರ ಸೇನೆಯನ್ನು ವಹಿಸಿದ್ದು ಪಿಯೊ ದೆಲ್ ಪಿಲಾರ್ ಅವರಿಗೆ. ಅವರನ್ನು ಕೆಂಪಿನಲ್ಲಿ ಬರೆದೆ. ಮೇ ತಿಂಗಳಲ್ಲಿ ಮರಗೊಂಡೊನ್‌ನ ಯುದ್ಧ ನ್ಯಾಯಮಂಡಳಿ ಬೊನಿಫಾಸಿಯೊ ಅವರಿಗೆ ವಿಧಿಸಿದ ಮರಣದಂಡನೆಯನ್ನು ಅಗಿನಾಲ್ಡೊ ಗಡೀಪಾರಿಗೆ ಇಳಿಸಿದಾಗ, ಆ ರಿಯಾಯಿತಿಯನ್ನು ಹಿಂದಕ್ಕೆ ಪಡೆಯುವಂತೆ ಒತ್ತಾಯಿಸಿದವರಲ್ಲಿ ಮಾರಿಯಾನೊ ನೊರಿಯೆಲ್ ಜೊತೆ ಅದೇ ಪಿಯೊ ದೆಲ್ ಪಿಲಾರ್ ಇದ್ದರು. ಕೆಂಪನ್ನು ರಬ್ಬರಿನಿಂದ ಒರೆಸಿ ನೀಲಿ ಬರೆದೆ, ಅದೂ ಸರಿಯೆನಿಸದೆ ಮತ್ತೆ ಒರೆಸಿದೆ. ಹಾಳೆ ಅಲ್ಲಿ ತೂತು ಬಿದ್ದಿದೆ.