ಐನೂರು ರೂಪಾಯಿ ದಂಡ, ಒಂದು ಬೋಲ್ಟು, ಮೂರು ಡೇಟು

ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿದ್ದಕ್ಕೆ 500 ರೂಪಾಯಿ ದಂಡ ಅಂತ ಮೊಬೈಲಿಗೆ ಮೆಸೇಜ್ ಬಂತು. ಮಂಗಳವಾರ, ಬೆಳಗ್ಗೆ ಹನ್ನೊಂದೂಕಾಲು ಅಂತ ಅದರಲ್ಲಿತ್ತು. ಆ ಹೊತ್ತಿಗೆ ನಾನು ಆಫೀಸಿನಲ್ಲಿದ್ದೆ, ಸ್ಕೂಟರ್ ಕೆಳಗೆ ನಿಂತಿತ್ತು. ಮೊದಲು ಅನುಮಾನ ಬಂದದ್ದು ಮಗನ ಮೇಲೆ. ಪಾಪ, ಅವನು ಕಾಲೇಜಿನಲ್ಲಿದ್ದ.

ಮೆಸೇಜಿನ ಲಿಂಕ್ ಒತ್ತಲಿಲ್ಲ. ನಕಲಿ ಚಲನ್ ಕಳಿಸಿ ಅಕೌಂಟ್ ಖಾಲಿ ಮಾಡುವವರು ಇದ್ದಾರಲ್ಲ. ಪೊಲೀಸರ ವೆಬ್‌ಸೈಟಿಗೇ ಹೋಗಿ ಗಾಡಿ ನಂಬರ್ ಹಾಕಿದೆ. ಕೇಸ್ ನಿಜ. ಫೋಟೋದಲ್ಲಿ ಬೂದು ಬಣ್ಣದ ಸ್ಕೂಟರ್, ನನ್ನ ಗಾಡಿಯ ಕಂಪನಿಯದೇ. ಓಡಿಸುತ್ತಿದ್ದವನ ಬೆನ್ನು ಮಾತ್ರ ಕಾಣುತ್ತಿತ್ತು. ನಂಬರೂ ನನ್ನದೇ.

ಮೂರನೇ ಸಲ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಅದು ಹಳೇ ಪ್ಲೇಟು, ಬಣ್ಣದಲ್ಲಿ ಬರೆಸಿದ್ದು. ನನ್ನದು 2016ರ ಗಾಡಿ. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಕಡ್ಡಾಯ ಅಂತ ಆದಾಗ, ಕೊನೇ ದಿನ ಮುಂದಕ್ಕೆ ಹೋಗುತ್ತಾ ಹೋಗುತ್ತಾ, ನಾನು 2024ರ ಮೇ ತಿಂಗಳಲ್ಲಿ ಹಾಕಿಸಿದ್ದೆ. ಎಡಗಡೆ ನೀಲಿ ಅಕ್ಷರದಲ್ಲಿ ಐಎನ್‌ಡಿ, ಮೇಲೆ ಅಶೋಕ ಚಕ್ರದ ಹೊಲೊಗ್ರಾಮ್, ಕೆಳಗೆ ಲೇಸರ್ ನಂಬರ್. ಫೋಟೋದ ಪ್ಲೇಟಿನಲ್ಲಿ ಇದೊಂದೂ ಇಲ್ಲ. ಇನ್ನೊಂದು ವಿಷಯ: ನನ್ನ ನಂಬರಿನಲ್ಲಿರುವ 8, ಅಲ್ಲಿ 8 ಆಗಿರಲೇ ಇಲ್ಲ. ಅದು 3. ಅದರ ತೆರೆದ ಬಾಯಿಗೆ ಸರಿಯಾಗಿ ಒಂದು ತುಕ್ಕು ಹಿಡಿದ ಬೋಲ್ಟ್ ಕೂತಿತ್ತು.

ಠಾಣೆಗೆ ಹೋದೆ. ಯಾವ ಊರು, ಯಾವ ಠಾಣೆ ಅನ್ನೋದು ಇಲ್ಲಿ ಬೇಡ. ಅಲ್ಲಿದ್ದ ಎಎಸ್‌ಐ ಒಳ್ಳೆಯವರೇ. "ಸಾರ್, ಐನೂರು ತಾನೇ, ಕಟ್ಟಿಬಿಡಿ. ಇಲ್ಲಾಂದ್ರೆ ಡಿಸ್ಕೌಂಟ್ ಬಿಡ್ತಾರೆ, ಅವಾಗ ಕಟ್ಟಿ" ಅಂದರು. 2023ರ ಫೆಬ್ರವರಿಯಲ್ಲಿ ಅರ್ಧ ದಂಡ ಬಿಟ್ಟಾಗ ಬೆಂಗಳೂರಿನಲ್ಲಿ ಜನ ಸಾಲು ನಿಂತಿದ್ದು ನೆನಪಿರಬಹುದು. ತಪ್ಪು ಮಾಡಿದವರಿಗೆ ಅದು ಸರಿ. ಮಾಡದವನು ಅರ್ಧ ಕಟ್ಟಿದರೂ ಒಪ್ಪಿಕೊಂಡ ಹಾಗೇ ಅಲ್ವಾ? ಅದೂ ಅಲ್ಲದೆ ಮೋಟಾರು ವಾಹನ ಕಾಯ್ದೆಯ 194ಡಿ ಕಲಮಿನಲ್ಲಿ ಹೆಲ್ಮೆಟ್ ಕೇಸಿಗೆ ದಂಡದ ಜೊತೆ ಮೂರು ತಿಂಗಳು ಲೈಸೆನ್ಸ್ ಅನರ್ಹ ಮಾಡುವ ಮಾತೂ ಇದೆ. ನಾನು ಅರ್ಜಿ ಬರೆದು ಕೊಟ್ಟೆ, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಂಡೆ. ಉತ್ತರ ಬರಲಿಲ್ಲ. ಕೆಲವು ತಿಂಗಳ ನಂತರ ಬಂದದ್ದು ಕೋರ್ಟಿನ ಸಮನ್ಸ್.

ಪರಿಚಯದ ವಕೀಲರನ್ನು ಕೇಳಿದೆ. ಅವರ ಫೀಸೇ ದಂಡದ ಹತ್ತು ಪಟ್ಟು. ಆದರೂ ಒಳ್ಳೆಯ ಮಾತು ಹೇಳಿದರು: ನಿಮ್ಮ ಕೇಸ್ ನೀವೇ ನಡೆಸಬಹುದು, ಯಾರ ವಕಾಲತ್ತೂ ಬೇಕಿಲ್ಲ. ಕ್ಯಾಮೆರಾ ಕೇಸಿನಲ್ಲಿ ನೋಟಿಸ್ 15 ದಿನದೊಳಗೆ ಬರಬೇಕು, ಫೋಟೋದಲ್ಲಿ ತಪ್ಪೂ ನಂಬರ್ ಪ್ಲೇಟೂ ಎರಡೂ ಕಾಣಬೇಕು ಅಂತ ಕೇಂದ್ರದ 167ಎ ನಿಯಮ ಇದೆ ಅಂತಲೂ ತಿಳಿಸಿದರು. ನನಗೆ ಒಂಬತ್ತನೇ ದಿನಕ್ಕೇ ಬಂದಿತ್ತು, ಹಾಗಾಗಿ ದಿನದ ಲೆಕ್ಕ ನನಗೆ ಉಪಯೋಗಕ್ಕೆ ಬರಲಿಲ್ಲ. ನಿಮಗೆ ಬರಬಹುದು, ಎಣಿಸಿ ನೋಡಿ.

ಮೊದಲ ಡೇಟಿನಂದು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಸುಮಾರು ನಲವತ್ತು ಜನ. ಹೆಸರು ಕೂಗುತ್ತಿದ್ದರು, ಹೋಗಿ ನಿಲ್ಲುತ್ತಿದ್ದರು, ಒಪ್ಪಿಕೊಳ್ಳುತ್ತಿದ್ದರು, ದಂಡ ಕಟ್ಟಲು ಹೋಗುತ್ತಿದ್ದರು. ಒಬ್ಬೊಬ್ಬರಿಗೆ ಒಂದು ನಿಮಿಷವೂ ಇಲ್ಲ. ನನ್ನ ಸರದಿ ಬಂದಾಗ ನಾನು ಬೋಲ್ಟಿನ ಕಥೆ ಶುರು ಮಾಡಿದೆ. ಮ್ಯಾಜಿಸ್ಟ್ರೇಟ್ ಮೇಡಂ ಕೈ ಎತ್ತಿದರು. "ಅದೆಲ್ಲ ಆಮೇಲೆ. ಒಪ್ತೀರೋ ಇಲ್ಲವೋ?" "ಇಲ್ಲ ಮೇಡಂ." ಅಷ್ಟೇ. ಮುಂದಿನ ಡೇಟ್ ಕೊಟ್ಟರು.

ಎರಡನೇ ಡೇಟಿಗೆ ಸಾಕ್ಷಿ ಪೊಲೀಸರು ಬರಲಿಲ್ಲ. ಅರ್ಧ ದಿನದ ರಜೆ ಸುಮ್ನೆ ಹೋಯಿತು. ಆಮೇಲೆ ಬುದ್ಧಿ ಬಂದು, ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಗುರುತಿನ ನಂಬರ್) ಹಾಕಿಟ್ಟುಕೊಂಡೆ. ಡೇಟ್ ಬದಲಾದರೆ ಅಲ್ಲೇ ಕಾಣುತ್ತದೆ.

ಮೂರನೇ ಡೇಟಿಗೆ ಸಾಕ್ಷಿ ಬಂದರು. ಸರ್ಕಾರಿ ವಕೀಲರು ಐದು ನಿಮಿಷದಲ್ಲಿ ಮುಗಿಸಿದರು. ನಂತರ ಪಾಟೀಸವಾಲು ನನ್ನದು. ನಾನು ಎದ್ದು ನಿಂತು "ಈ ಫೋಟೋ ನೋಡಿದರೆ ಯಾರಿಗಾದರೂ ಗೊತ್ತಾಗುತ್ತೆ..." ಅಂತ ಶುರು ಮಾಡಿದ್ದೇ ತಡ, ಮೇಡಂ ಮತ್ತೆ ತಡೆದರು. "ಪ್ರಶ್ನೆ ಕೇಳಿ, ಭಾಷಣ ಬೇಡ." ಕೈ ನಡುಗುತ್ತಿತ್ತು. ಚೀಟಿಯಲ್ಲಿ ಬರೆದುಕೊಂಡಿದ್ದ ಮೂರೇ ಪ್ರಶ್ನೆ ಓದಿದೆ. ಫೋಟೋದ ಪ್ಲೇಟ್ ಎಚ್‌ಎಸ್‌ಆರ್‌ಪಿನಾ? ಕೇಸ್ ಹಾಕುವ ಮೊದಲು ನನ್ನ ಗಾಡಿ ನೋಡಿದ್ದಿರಾ? ಈ ಅಂಕಿ 8 ಅಂತ ನೀವು ಕಣ್ಣಿಂದ ನೋಡಿ ಹೇಳಿದ್ದಾ, ಇಲ್ಲ ಕಂಪ್ಯೂಟರ್ ಓದಿದ್ದಾ? ಮೊದಲೆರಡಕ್ಕೆ ಅಲ್ಲ, ಇಲ್ಲ ಅಂದರು. ಮೂರನೆಯದಕ್ಕೆ ಫೋಟೋ ತಿರುಗಿಸಿ ತಿರುಗಿಸಿ ನೋಡಿ, "ಸಿಸ್ಟಮ್‌ನಲ್ಲಿ ಹಾಗೆ ಬಂದಿತ್ತು" ಅಂದರು.

ಎಚ್‌ಎಸ್‌ಆರ್‌ಪಿ ರಸೀದಿಯನ್ನು ಫೋನಿನಲ್ಲಿ ತೋರಿಸಲು ಹೋದೆ, ತೆಗೆದುಕೊಳ್ಳಲಿಲ್ಲ. ಪುಣ್ಯಕ್ಕೆ ಪ್ರಿಂಟೂ ಇತ್ತು. ರಸೀದಿ, ಆರ್‌ಸಿ, ನನ್ನ ಪ್ಲೇಟಿನ ಫೋಟೋ, ಜೊತೆಗೆ ಆ ಬೋಲ್ಟ್ ಕಾಣುವ ಹಾಗೆ ದೊಡ್ಡದು ಮಾಡಿದ ಕಲರ್ ಪ್ರಿಂಟ್. ನಾನು ಮಾಡಿದ ಖರ್ಚಿನಲ್ಲಿ ಆ ನಲವತ್ತು ರೂಪಾಯಿಯಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ. ಮೇಡಂ ಕನ್ನಡಕ ಹಣೆಗೇರಿಸಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಸಂಜೆಯ ಹೊತ್ತಿಗೆ ಖುಲಾಸೆ ಅಂತ ಆದೇಶ ಆಯಿತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಎರಡು ವಾರವಾದರೂ ವೆಬ್‌ಸೈಟಿನಲ್ಲಿ ನನ್ನ ನಂಬರಿನ ಮುಂದೆ ದಂಡ ಬಾಕಿ ಅಂತಲೇ ಇತ್ತು. ನಕಲು ಅರ್ಜಿ ಹಾಕಿ ಆದೇಶದ ದೃಢೀಕೃತ ಪ್ರತಿ ತೆಗೆದುಕೊಂಡು ಮತ್ತೆ ಅದೇ ಠಾಣೆಗೆ ಹೋದೆ. ಅದೇ ಎಎಸ್‌ಐ. "ಐನೂರಕ್ಕೆ ಇಷ್ಟೆಲ್ಲ ಓಡಾಡಿದ್ರಾ ಸಾರ್?" ಅಂತ ನಗುತ್ತಾ ಎಂಟ್ರಿ ತೆಗೆಸಿಕೊಟ್ಟರು. ಹಾಗಾದರೆ ಆ 3ರ ನಂಬರಿನವನಿಗೆ ನೋಟಿಸ್ ಹೋಗುತ್ತಾ ಅಂತ ಕೇಳಿದೆ. ಅವರು ಫೋಟೋವನ್ನು ಇನ್ನೊಮ್ಮೆ ನೋಡಿ, "ಟೀ ಕುಡೀತೀರಾ?" ಅಂದರು.