ಪಾಸ್‌ವರ್ಡ್ ಹೊಡೆದ ಮೇಲೂ ಚಕ್ರ ತಿರುಗುತ್ತಲೇ ಇದೆಯಾ? ಹೀಗೆ ಹುಡುಕಿ

ಬೆಳಗ್ಗೆ ಹತ್ತು ಗಂಟೆ. ಕೌಂಟರ್ ಮುಂದೆ ಜನ ನಿಂತಿದ್ದಾರೆ. ಪರದೆಯ ಮೇಲೆ ಚುಕ್ಕಿಗಳು ಸುಮ್ನೆ ಸುತ್ತುತ್ತಿವೆ. ನಾನು ನೋಡಿದ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಮೇಡಂ ಪಾಸ್‌ವರ್ಡ್ ಹೊಡೆದು ಟೀ ಕುಡಿದು ಬಂದರೂ ಡೆಸ್ಕ್‌ಟಾಪ್ ಬಂದಿರುತ್ತಿರಲಿಲ್ಲ. "ಹಳೇದಾಯ್ತು ಸರ್, ಫಾರ್ಮ್ಯಾಟ್ ಮಾಡಿಬಿಡಿ" ಅಂದರು. ದಯವಿಟ್ಟು ಅಷ್ಟು ಬೇಗ ಫಾರ್ಮ್ಯಾಟ್‌ಗೆ ಕೈ ಹಾಕಬೇಡಿ.

ಡೊಮೈನ್‌ಗೆ, ಅಂದರೆ ಒಂದೇ ಸರ್ವರ್ ಎಲ್ಲರ ಲಾಗಿನ್ ನೋಡಿಕೊಳ್ಳುವ ಕಚೇರಿ ಜಾಲಕ್ಕೆ, ಸೇರಿಸಿದ ವಿಂಡೋಸ್ ಕಂಪ್ಯೂಟರ್ ಲಾಗಿನ್ ಆಗುವಾಗ ಸರ್ವರ್ ಹುಡುಕಬೇಕು, ಪ್ರೊಫೈಲ್ (ಯೂಸರ್‌ನ ಫೈಲು, ಸೆಟ್ಟಿಂಗ್‌ಗಳು) ತೆರೆಯಬೇಕು, ಗ್ರೂಪ್ ಪಾಲಿಸಿ (ಸರ್ವರ್‌ನಿಂದ ಬರುವ ಕಚೇರಿಯ ಸೆಟ್ಟಿಂಗ್‌ಗಳು) ಹಾಕಿಕೊಳ್ಳಬೇಕು, ಡ್ರೈವ್, ಪ್ರಿಂಟರ್ ಜೋಡಿಸಬೇಕು. ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಸಮಯ ಬರೆದಿಡಿ. ಆಮೇಲೆ ಅದೇ ಯೂಸರ್ ಬೇರೆ ಕಂಪ್ಯೂಟರ್‌ನಲ್ಲಿ, ಬೇರೆ ಯೂಸರ್ ಇದೇ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಲಿ. ಈ ನಿಧಾನಗತಿ ಯೂಸರ್ ಹಿಂದೆ ಹೋಗುತ್ತಾ, ಕಂಪ್ಯೂಟರ್‌ನಲ್ಲೇ ಉಳಿಯುತ್ತಾ ನೋಡಿ. ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಇದ್ದರೆ ಅದನ್ನೂ ಆಫ್ ಮಾಡಿ, ಆ ಕಂಪ್ಯೂಟರ್‌ನಲ್ಲಿ ಮೊದಲು ಲಾಗಿನ್ ಆಗಿದ್ದವರೇ ಮತ್ತೆ ಲಾಗಿನ್ ಆಗಲಿ. ಈಗ ಥಟ್ಟನೆ ತೆರೆದರೆ ತೊಂದರೆ ನೆಟ್‌ವರ್ಕ್ ಕಡೆಯದು.

ಹಾಗಿದ್ದರೆ ನೇರ ಡಿಎನ್‌ಎಸ್‌ಗೆ ಬನ್ನಿ. ಹೆಸರು ಕೊಟ್ಟರೆ ಕಂಪ್ಯೂಟರ್‌ನ ವಿಳಾಸ ಹೇಳುವ ವ್ಯವಸ್ಥೆ ಅದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ (ipconfig /all) ಕೊಟ್ಟು ಡಿಎನ್‌ಎಸ್ ಸರ್ವರ್ ಸಾಲು ಓದಿ. ಆ ಮೇಡಂ ಕಂಪ್ಯೂಟರ್‌ನಲ್ಲಿ ಅಲ್ಲಿ 8.8.8.8 ಇತ್ತು. ಯಾವತ್ತೋ ಇಂಟರ್‌ನೆಟ್ ಹೋದಾಗ ಯಾರೋ ಹಾಕಿ ಮರೆತಿದ್ದರು. ಅದು ಗೂಗಲ್‌ನ ಡಿಎನ್‌ಎಸ್. ನಿಮ್ಮ ಕಚೇರಿಯೊಳಗಿನ ಡೊಮೈನ್ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಿರುತ್ತೆ? ಕಂಪ್ಯೂಟರ್ ಹುಡುಕಿ ಹುಡುಕಿ ಸೋತು, ಮೊದಲೇ ಉಳಿಸಿಕೊಂಡ ಗುರುತಿನ ಮೇಲೆ ಒಳಗೆ ಬಿಡುತ್ತಿತ್ತು. ಅಲ್ಲಿ ಡೊಮೈನ್ ಕಂಟ್ರೋಲರ್‌ನ, ಅಂದರೆ ಲಾಗಿನ್ ನೋಡಿಕೊಳ್ಳುವ ಆ ಸರ್ವರ್‌ನ ವಿಳಾಸವೇ ಇರಬೇಕು. ಎರಡನೇ ಸಾಲಿನಲ್ಲೂ 8.8.8.8 ಬೇಡ. ಹೊರಗಿನ ಡಿಎನ್‌ಎಸ್ ಬೇಕಿದ್ದರೆ ಸರ್ವರ್‌ನಲ್ಲಿ ಫಾರ್ವರ್ಡರ್ ಆಗಿ ಹಾಕಿ, ತನಗೆ ಗೊತ್ತಿಲ್ಲದ ಹೆಸರನ್ನು ಸರ್ವರ್ ಅದನ್ನು ಕೇಳಿಕೊಳ್ಳುತ್ತದೆ.

ಡಿಎನ್‌ಎಸ್ ಸರಿ ಇದ್ದರೆ ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆಯಿರಿ. ಗ್ರೂಪ್ ಪಾಲಿಸಿಯ ಆಪರೇಷನಲ್ ಲಾಗ್‌ನಲ್ಲಿ 8001 ನಂಬರಿನ ಈವೆಂಟ್, ಲಾಗಿನ್ ವೇಳೆ ಯೂಸರ್ ಪಾಲಿಸಿಗೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಹೇಳುತ್ತದೆ. 5016ರಲ್ಲಿ ಒಂದೊಂದು ಭಾಗದ ಲೆಕ್ಕ ಮಿಲಿಸೆಕೆಂಡ್‌ನಲ್ಲಿ ಸಿಗುತ್ತದೆ. ಡ್ರೈವ್ ಅಥವಾ ಪ್ರಿಂಟರ್ ಭಾಗವೇ ಜಾಸ್ತಿ ಸಮಯ ತಿನ್ನುತ್ತಿದ್ದರೆ, ತೆಗೆದುಹಾಕಿದ ಹಳೇ ಸರ್ವರ್‌ನ ಹೆಸರು ಪಾಲಿಸಿಯಲ್ಲಿ ಉಳಿದಿದೆಯಾ ನೋಡಿ. ಲಾಗಿನ್ ಸ್ಕ್ರಿಪ್ಟ್‌ಗಳನ್ನೂ (ಲಾಗಿನ್ ಆಗುವಾಗ ತಾನಾಗಿ ಓಡುವ ಕಮಾಂಡ್‌ಗಳ ಫೈಲು) ಓದಿ. ಸಿಕ್ಕಿಕೊಂಡ ಸ್ಕ್ರಿಪ್ಟ್‌ಗೆ ವಿಂಡೋಸ್ 600 ಸೆಕೆಂಡ್ ತನಕ ಕಾಯಬಲ್ಲದು. ಹತ್ತು ನಿಮಿಷ!

ನಿಧಾನಗತಿ ಯೂಸರ್ ಹಿಂದೆಯೇ ಹೋದರೆ ಅವರ ರೋಮಿಂಗ್ ಪ್ರೊಫೈಲ್ (ಸರ್ವರ್‌ನಲ್ಲಿದ್ದು, ಲಾಗಿನ್ ಆದ ಕಂಪ್ಯೂಟರ್‌ಗೆ ಬರುವ ಪ್ರೊಫೈಲ್) ತೂಕ ನೋಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್‌ನಲ್ಲಿ ಮದುವೆ ವಿಡಿಯೊ ಇಟ್ಟಿದ್ದರೆ ಅದೂ ಪ್ರೊಫೈಲ್ ಜೊತೆಗೇ ಓಡಾಡುತ್ತದೆ. ಅವರನ್ನು ಕೇಳಿ ಬೇರೆ ಕಡೆಗೆ ಸಾಗಿಸಿ, ಕೇಳದೆ ಅಳಿಸಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಸ್ಟಾಪ್‌ವಾಚ್ ಒತ್ತಿ. ಡೆಸ್ಕ್‌ಟಾಪ್ ಬೇಗ ಬಂದು ಆಮೇಲೆ ಎಲ್ಲ ತೆವಳುತ್ತಿದ್ದರೆ ಅದು ಲಾಗಿನ್ ತೊಂದರೆಯಲ್ಲ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ ನೋಡಿ, ಇನ್ನೂ ಹಳೇ ಹಾರ್ಡ್ ಡಿಸ್ಕ್ ಇದ್ದರೆ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ.