ಬೇಸ್ ಗಿಟಾರಿನ ಹೆಡ್‌ಸ್ಟಾಕ್ ಲೋಗೊ ಬದಲಿಸಿದ ಬಗೆ: ನನ್ನ ಅನುಭವ

ನನ್ನ ಬೇಸ್ ಗಿಟಾರು, ಫೆಂಡರ್ ಕಂಪನಿ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್‌ನ ಮಾದರಿಯದು. ಆದರೆ ಅದರ ಬಾಡಿ ಒಂದು ಕಡೆಯಿಂದ ಬಂದದ್ದು, ನೆಕ್ (ತಂತಿಗಳನ್ನು ಒತ್ತಿ ನುಡಿಸುವ ಉದ್ದನೆಯ ಕತ್ತು) ಇನ್ನೊಂದು ಕಡೆಯದು, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಮತ್ತೊಬ್ಬರದು. ನೆಕ್ಕಿನ ತುದಿಯಲ್ಲಿ ಬಿರಡೆಗಳಿರುವ ಹೆಡ್‌ಸ್ಟಾಕಿನ ಮೇಲಿದ್ದದ್ದು ನೆಕ್ ತಯಾರಿಸಿದವರ ಹೆಸರು ಮಾತ್ರ. ಇಡೀ ವಾದ್ಯಕ್ಕೆ ಆ ಹೆಸರು ಸಲ್ಲುವುದಿಲ್ಲವೆಂದು ಅದನ್ನು ತೆಗೆಯಲು ನಿರ್ಧರಿಸಿದೆ. ಆ ಜಾಗದಲ್ಲಿ ಫೆಂಡರ್ ಲೋಗೊ ಅಂಟಿಸಬಹುದಲ್ಲ ಎಂದವರಿದ್ದರು, ನಾನು ಒಪ್ಪಲಿಲ್ಲ. ಇಂದು ಚೆಂದಕ್ಕೆಂದು ಅಂಟಿಸಿದ ಹೆಸರು, ನಾಳೆ ವಾದ್ಯ ಕೈ ಬದಲಾಯಿಸಿದಾಗ ಕೊಳ್ಳುವವರಿಗೆ ಮೋಸವಾಗುತ್ತದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರವೂ ಸುಳ್ಳು ಗುರುತು ಹಚ್ಚಿ ಮಾರುವುದು ಅಪರಾಧ. ಹಿಂಬದಿಯಲ್ಲಿದ್ದ ಸೀರಿಯಲ್ ನಂಬರನ್ನು ಮಾತ್ರ ಮುಟ್ಟಲಿಲ್ಲ. ಅದು ಅಳಿಸಿಹೋದ ವಾದ್ಯವನ್ನು ಕದ್ದ ಮಾಲೆಂದು ಯಾರಾದರೂ ಶಂಕಿಸಿದರೆ ತಪ್ಪಲ್ಲ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು, ಲೋಗೊ ವಾರ್ನಿಷ್ ಪದರದ ಮೇಲಿದೆಯೋ ಅಡಿಯಲ್ಲಿದೆಯೋ ಎಂಬುದು. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು, ಅಕ್ಷರದ ಅಂಚಿನ ಮೇಲೆ ಉಗುರನ್ನು ಮೆಲ್ಲಗೆ ಎಳೆದು ನೋಡಿದೆ. ಉಗುರು ಅಂಚಿಗೆ ತಡೆಯಿತು, ಅಂದರೆ ಲೋಗೊ ಮೇಲಿತ್ತು. ಉಗುರು ನುಣುಪಾಗಿ ಜಾರಿಹೋಗಿದ್ದರೆ ಮೇಲಿನ ಪದರವನ್ನೇ ಉಜ್ಜಿ ತೆಗೆಯಬೇಕಾಗುತ್ತಿತ್ತು. ಅದು ಬೇರೆಯದೇ ಕೆಲಸ, ಹೊಸಬರು ಕೈಹಾಕದಿರುವುದು ಲೇಸು. ಎರಡನೆಯ ಪ್ರಶ್ನೆ ಆ ವಾರ್ನಿಷ್ ಯಾವುದು ಎಂಬುದು. ನೈಟ್ರೊಸೆಲ್ಯುಲೋಸ್ ಲ್ಯಾಕರ್ ಬರೀ ದ್ರಾವಕ ಆರಿ ಗಟ್ಟಿಯಾಗುವಂಥದ್ದು, ಆದ್ದರಿಂದ ಅಸಿಟೋನ್ ತಾಗಿದೊಡನೆ ಮತ್ತೆ ಕರಗುತ್ತದೆ. ನಮ್ಮ ಬಡಗಿಗಳು ಪಿಯು ಎನ್ನುವ ಪಾಲಿಯುರೆಥೇನ್ ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುವುದರಿಂದ ಸ್ವಲ್ಪ ಹೊತ್ತಿನ ಅಸಿಟೋನನ್ನು ತಾಳಿಕೊಳ್ಳುತ್ತದೆ. ಬಿರಡೆಯ ವಾಷರಿನ ಅಡಿಯ, ಕಣ್ಣಿಗೆ ಬೀಳದ ಜಾಗದಲ್ಲಿ ಹತ್ತಿಯಿಂದ ಒಂದು ಹನಿ ಒತ್ತಿ ನೋಡಿದೆ. ಅಂಟಾಗಲಿಲ್ಲ, ಹೊಳಪೂ ಮಾಸಲಿಲ್ಲ. ನೈಟ್ರೊಸೆಲ್ಯುಲೋಸ್ ಅಲ್ಲವೆಂದು ಖಚಿತವಾಯಿತು, ಪಿಯು ಇರಬೇಕು.

ತಂತಿಗಳನ್ನು ಬಿಚ್ಚಿ, ನೆಕ್ ಹಿಂದಕ್ಕೆ ಬಾಗದಂತೆ ಅದರೊಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ತುಸು ಸಡಿಲಿಸಿ, ನಾಲ್ಕೂ ಬಿರಡೆಗಳನ್ನೂ ತಂತಿ ಒತ್ತುವ ಲೋಹದ ಗುಂಡಿಯನ್ನೂ ಕಳಚಿದೆ. ಹೆಡ್‌ಸ್ಟಾಕಿನ ಬುಡದಲ್ಲಿ ತಂತಿಗಳು ಹಾಯುವ ಪ್ಲಾಸ್ಟಿಕ್ ಪಟ್ಟಿಯಾದ ನಟ್‌ಗೆ ಅಸಿಟೋನ್ ಸಿಡಿಯದಂತೆ ಮಾಸ್ಕಿಂಗ್ ಟೇಪ್ ಸುತ್ತಿದೆ. ಆಮೇಲೆ ಕಿಟಕಿ ತೆರೆದು, ಹತ್ತಿರ ದೀಪವಾಗಲಿ ಒಲೆಯಾಗಲಿ ಇಲ್ಲದಂತೆ ನೋಡಿಕೊಂಡು, ಅಸಿಟೋನ್ ತೇವದ ಬಟ್ಟೆಯನ್ನು ಲೋಗೊದ ಮೇಲೆ ಕೆಲವು ಕ್ಷಣ ಒತ್ತಿಹಿಡಿದೆ. ಅಕ್ಷರಗಳ ಅಂಚು ಸುಕ್ಕುಗಟ್ಟಿತು. ಚಪ್ಪಟೆಯಾಗಿ ಕೆತ್ತಿಕೊಂಡಿದ್ದ ಬಿದಿರಿನ ಚೂರಿನಿಂದ ಅವನ್ನು ಎಬ್ಬಿಸಿದೆ. ಹಳೆಯ ಎಟಿಎಂ ಕಾರ್ಡಿನಿಂದ ಕೆರೆಯುವ ರೂಢಿಯಿದೆ, ಆದರೆ ಅಸಿಟೋನ್ ತಾಗಿದರೆ ಆ ಕಾರ್ಡೇ ಮೆತ್ತಗಾಗುತ್ತದೆ.

ಹೆಸರು ಹೋದ ಮೇಲೂ ಅದರ ನೆರಳು ಉಳಿದಿತ್ತು. ವರ್ಷಗಟ್ಟಲೆ ಬೆಳಕು ಬಿದ್ದು ಸುತ್ತಲಿನ ಮೇಪಲ್ ಹೊಂಬಣ್ಣಕ್ಕೆ ತಿರುಗಿದ್ದರೆ, ಅಕ್ಷರಗಳ ಅಡಿಯ ಭಾಗ ಬಿಳಿಚಿಕೊಂಡಿತ್ತು. ಈ ಗುರುತನ್ನು ಉಜ್ಜಿ ತೆಗೆಯಲು ಹೊರಟರೆ ಮರವೇ ಬಯಲಾಗುತ್ತದೆ. ಬೆಳಕಿಗೆ ಬಿಟ್ಟು ಬಣ್ಣ ಕೂಡಿಕೊಳ್ಳಲು ಕಾಯುವುದೇ ಸರಿ. ಮೇಲ್ಮೈಯನ್ನು ಮಾತ್ರ, ಲೋಗೊ ಇದ್ದಲ್ಲಷ್ಟೇ ಅಲ್ಲದೆ ಇಡೀ ಮುಖಕ್ಕೆ, 1500ರ ವಾಟರ್ ಪೇಪರಿನಿಂದ (ನೀರಿನೊಡನೆ ಬಳಸುವ ನಯವಾದ ಉಜ್ಜುಕಾಗದ) ಸಾಬೂನು ನೀರು ಹಾಕಿ ಹಗುರವಾಗಿ ಉಜ್ಜಿದೆ. ಒಂದೇ ಕಡೆ ಉಜ್ಜಿದರೆ ಅಲ್ಲಿ ತಗ್ಗು ಬಿದ್ದು ಬೆಳಕಿನಲ್ಲಿ ಎದ್ದು ಕಾಣುತ್ತದೆ. ಬಿರಡೆಯ ರಂಧ್ರಗಳಿಗೆ ನೀರು ಇಳಿಯದಂತೆ ಮೊದಲೇ ಟೇಪು ಹಚ್ಚಿದ್ದೆ, ಏಕೆಂದರೆ ಒಳಗಿನ ಬರಿಮರ ನೀರು ಕುಡಿದು ಉಬ್ಬಿದರೆ ಸುತ್ತಲಿನ ವಾರ್ನಿಷ್ ಬಿರಿಯುತ್ತದೆ.

ಹೊಸ ಹೆಸರಾಗಿ ‘ಮಂದ್ರ’ ಎಂದು ಬರೆದುಕೊಂಡೆ. ಕನ್ನಡದ ಒತ್ತಕ್ಷರ ಸಾಲಿನಿಂದ ಕೆಳಗಿಳಿಯುವುದರಿಂದ, ರಕಾರದ ಬಾಲ ಹೆಡ್‌ಸ್ಟಾಕಿನ ಕೆಳ ಅಂಚಿಗೆ ತಾಗದಂತೆ ಅಳತೆಯನ್ನು ಮತ್ತೆಮತ್ತೆ ಕಾಗದದ ಮೇಲೆ ಕತ್ತರಿಸಿ ಇಟ್ಟು ನೋಡಬೇಕಾಯಿತು. ಮನೆಯ ಪ್ರಿಂಟರ್ ಬಿಳಿಯನ್ನಾಗಲಿ ಚಿನ್ನದ ಬಣ್ಣವನ್ನಾಗಲಿ ಮುದ್ರಿಸಲಾರದು. ತಿಳಿಬಣ್ಣದ ಮೇಪಲ್ ಮೇಲೆ ಕಪ್ಪೇ ಚೆನ್ನಾಗಿ ಕಾಣುತ್ತದೆ. ಪಾರದರ್ಶಕ ವಾಟರ್‌ಸ್ಲೈಡ್ ಹಾಳೆಯಲ್ಲಿ ಇಂಕ್‌ಜೆಟ್‌ನಿಂದ ಮುದ್ರಿಸಿ, ಶಾಯಿ ನೀರಿನಲ್ಲಿ ಹರಡದಂತೆ ಅಕ್ರಿಲಿಕ್ ಕ್ಲಿಯರ್ ಸ್ಪ್ರೇಯನ್ನು ತೆಳುವಾಗಿ ಹಲವು ಸಲ ಹೊಡೆದು ಒಣಗಿಸಿದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದಾಗ ಕಾಗದದ ಮೇಲಿನ ಅಂಟು ಕರಗಿ, ಹಾಲಿನ ಕೆನೆಯಂತೆ ಆ ಪೊರೆ ಬೆರಳಿಗೆ ಜಾರುತ್ತದೆ. ಅದನ್ನು ತೇವ ಮಾಡಿದ ಹೆಡ್‌ಸ್ಟಾಕಿನ ಮೇಲೆ ಸರಿಸಿ, ನಡುವಿನಿಂದ ಅಂಚಿನ ಕಡೆಗೆ ನೀರನ್ನೂ ಗಾಳಿಗುಳ್ಳೆಗಳನ್ನೂ ಒತ್ತಿ ಹೊರಹಾಕಿ, ರಾತ್ರಿಯಿಡೀ ಹಾಗೆಯೇ ಬಿಟ್ಟೆ.

ಮೇಲಿನ ಕ್ಲಿಯರ್ ಕೋಟ್‌ಗಾಗಿ ಮಳೆ ಬಿಡುವುದನ್ನು ಕಾದೆ. ತೇವದ ಹವೆಯಲ್ಲಿ ದ್ರಾವಕ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾದರೆ ಗಾಳಿಯ ತೇವ ಅಲ್ಲಿ ಕೂತು ಪದರ ಬೆಳ್ಳಗೆ ಮಂಕಾಗುತ್ತದೆ. ಮೊದಲ ಪದರಗಳು ಬರೀ ಮಂಜಿನಷ್ಟಿರಬೇಕು. ಆರಂಭದಲ್ಲೇ ದಪ್ಪಗೆ ಹೊಡೆದರೆ ದ್ರಾವಕವು ಡೆಕಾಲನ್ನು, ಅಂದರೆ ಆ ಮುದ್ರಿತ ಪೊರೆಯನ್ನು, ಸುಕ್ಕುಗಟ್ಟಿಸುತ್ತದೆ. ಪೊರೆಯ ಅಂಚು ಉಗುರಿಗೆ ತಡೆಯದಷ್ಟು ಪದರ ಬೆಳೆದ ಮೇಲೆ, ಚೆನ್ನಾಗಿ ಒಣಗಲು ಬಿಟ್ಟು, 2000ದ ಪೇಪರಿನಿಂದ ಉಜ್ಜಿ, ಕಾರಿನ ಬಣ್ಣದ ಅಂಗಡಿಯಲ್ಲಿ ಸಿಗುವ ರಬ್ಬಿಂಗ್ ಕಾಂಪೌಂಡ್‌ನಿಂದ ಹೊಳಪು ತಂದೆ.

ಬಿರಡೆಗಳ ಸ್ಕ್ರೂಗಳಿಗೆ ಮೇಣ ಸವರಿ, ಮೊದಲು ಹಿಮ್ಮುಖವಾಗಿ ತಿರುಗಿಸಿ ರಂಧ್ರದೊಳಗಿನ ಹಳೆಯ ತಿರುಪುಗೆರೆಗೆ ಕೂತದ್ದು ಕೈಗೆ ಗೊತ್ತಾದ ಮೇಲೆ ಬಿಗಿದೆ. ಮೇಪಲ್ ಗಡುಸಾದ ಮರ, ಬಲ ಹಾಕಿದರೆ ಸಣ್ಣ ಸ್ಕ್ರೂವಿನ ತಲೆಯೇ ಮುರಿಯುತ್ತದೆ. ತಂತಿ ಕಟ್ಟಿ, ಶ್ರುತಿಗೆ ತಂದು, ಟ್ರಸ್ ರಾಡನ್ನು ಮೊದಲಿನಂತೆ ಬಿಗಿಗೊಳಿಸಿದೆ. ಹೊಸ ಪದರ ಪೂರ್ತಿ ಗಟ್ಟಿಯಾಗುವವರೆಗೆ ಹೆಡ್‌ಸ್ಟಾಕಿಗೆ ರಬ್ಬರ್ ಹೊದಿಸಿದ ಸ್ಟ್ಯಾಂಡಾಗಲಿ ಗೋಡೆಯ ಕೊಕ್ಕೆಯಾಗಲಿ ತಾಗದಂತೆ ನೋಡಿಕೊಳ್ಳುತ್ತಿದ್ದೇನೆ.